ಸಾರೋಟಿನ ಕಿಟಕಿಗೆ ಟವೆಲ್

ಅಮೆರಿಕದ ಜಾರ್ಜಿಯಾದ ಉತ್ತರದ ಗುಡ್ಡಗಳಲ್ಲಿ ಒಂದು ಕಾಲಕ್ಕೆ ಚಿನ್ನ ಸಿಕ್ಕಿತ್ತಂತೆ. ಗಣಿ ಊರುಗಳ ನಡುವೆ ಜನರನ್ನು ಸಾಗಿಸುತ್ತಿದ್ದ ಸಾರೋಟುಗಳು ಕುದುರೆ ಬದಲಿಸುತ್ತಿದ್ದ ಠಾಣೆಯೊಂದು ಈಗಲೂ ಅಲ್ಲಿದೆ. ಇದೆ ಅಂದರೆ, ಹೊಸ ಮರಕ್ಕೆ ಹಳೆಯ ಬಣ್ಣ ಬಳಿದು ನಿಲ್ಲಿಸಿದ್ದಾರೆ. ಪಕ್ಕದ ಅಂಗಡಿಯಲ್ಲಿ ಮಿನುಗುವ ಪುಡಿಯನ್ನು ಸೀಸೆಗೆ ತುಂಬಿ ಮಾರುತ್ತಾರೆ, ಟಿಕೆಟ್ ಕೊಂಡವರಿಗೆ ಸಾರೋಟಿನಲ್ಲಿ ಒಂದು ಸುತ್ತು ಹೊಡೆಸುತ್ತಾರೆ. ಇದನ್ನು ಇತಿಹಾಸ ಅನ್ನಲು ಈ ದೇಶದವರಿಗೆ ಮಾತ್ರ ಧೈರ್ಯವಿದೆ.

ಆದರೂ ಕೋವಿಡ್ ಕಳೆದ ಮೇಲೆ ಒಂದು ಶನಿವಾರ, ಲಾರೆನ್ಸ್‌ವಿಲ್‌ನ ನಮ್ಮ ಕನ್ನಡದವರ ಗುಂಪಿನ ಜೊತೆ ಅಲ್ಲಿಗೆ ಹೋದೆ, ಮೈಸೂರಿನಿಂದ ನನ್ನ ಮನೆಗೆ ಬಂದಿದ್ದ ತಾಯಿ, ಅಮ್ಮಿಗಾಗಿ. ಅವಳ ತಂದೆ ಮೈಸೂರಿನಲ್ಲಿ ಜಟಕಾ ಓಡಿಸುತ್ತಿದ್ದರು. ಬಾಡಿಗೆಯವರು ಕೂರುವ ಜಾಗದಲ್ಲಿ ಮಕ್ಕಳನ್ನು ಒಮ್ಮೆಯೂ ಕೂರಿಸಿಕೊಂಡು ಹೋದವರಲ್ಲ. ಓಡುವ ಕುದುರೆಗಾಡಿಯಲ್ಲಿ ಒಂದು ಸಲ ಪ್ರಯಾಣಿಕಳಂತೆ ಕೂರಬೇಕು ಎಂಬುದು ಅಮ್ಮಿಯ ಆಸೆ. ಮೈಸೂರಿನಲ್ಲೇ ಹತ್ತಬಹುದಿತ್ತಲ್ಲ ಅಂದರೆ, ಪರಿಚಯದವರು ನೋಡಿ ನಗುತ್ತಾರಂತೆ. ಮರುದಿನ ಅವಳ ಫ್ಲೈಟ್. ಈ ಮಂಡಿ ಇಟ್ಟುಕೊಂಡು ಮತ್ತೆ ಅಮೆರಿಕಕ್ಕೆ ಬರುವುದಿಲ್ಲ ಎಂದು ಆಗಲೇ ಸಾರಿದ್ದಳು.

ಅದು ಆ ದಿನದ ಕೊನೆಯ ಸುತ್ತು. ಸಾಲಿನಲ್ಲಿ ಅಮ್ಮಿಯೇ ಮೊದಲು. ಸಾರೋಟು ಇನ್ನೂ ನಿಂತಿರಲಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲರೂ ಅಂಕಲ್ ಎಂದು ಕರೆಯುವ ಹಿರಿಯರೊಬ್ಬರು, ದೊಡ್ಡ ಕಂಪನಿಯ ಡೈರೆಕ್ಟರ್, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಓಡುವಂತೆ ಓಡಿ ಕಿಟಕಿಯೊಳಗೆ ಟವೆಲ್ ಎಸೆದರು.

"ಬನ್ರೋ ಬೇಗ, ಸೀಟ್ ಹಿಡ್ದಿದೀನಿ!"

ಅವರ ಹಿಂದೆ ಇನ್ನಿಬ್ಬರು ಓಡಿದರು. ಒಬ್ಬ ಎಸೆದ ಜಾಕೆಟ್ ಗುರಿ ತಪ್ಪಿ ಒಂದು ಕುದುರೆಯ ಮುಖಕ್ಕೆ ಬಿತ್ತು. ಕುದುರೆ ಬೆದರಿ ಮುಂಗಾಲೆತ್ತಿ ನಿಂತಿತು. ಗಾಡಿ ಹೊಡೆಯುವ ಹೆಂಗಸು ಹೇಗೋ ಅದನ್ನು ಸಮಾಧಾನ ಮಾಡಿ, ಇವತ್ತಿಗೆ ಮುಗಿಯಿತು ಎಂದು ಕುದುರೆಗಳನ್ನು ಬಿಚ್ಚತೊಡಗಿದಳು.

ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ತೆಪ್ಪಗೆ ನಿಲ್ಲುವ ಗಂಡಸರಿವರು. ಒಂದು ಆಟದ ಗಾಡಿಗೆ ನಾಲ್ಕು ನಿಮಿಷ ತಡೆದುಕೊಳ್ಳಲಾಗಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಅಂಕಲ್ ಮಾತ್ರ ಟವೆಲ್ ಕೊಡವಿಕೊಂಡು ನಗುನಗುತ್ತಾ ಬಂದರು. "ಇಷ್ಟಕ್ಕೆಲ್ಲಾ ಕ್ಯಾನ್ಸಲ್ ಮಾಡೋದಾ? ಟೂ ಮಚ್ ಇವ್ರದ್ದು. ಆಂಟಿ, ನೀವು ಹಾಗೇ ಒಳಗೆ ಕೂತ್ಕೊಳ್ಳಿ, ನಾನು ಫೋಟೋ ತೆಗೀತೀನಿ. ನೋಡೋರಿಗೆ ಏನ್ ಗೊತ್ತಾಗತ್ತೆ?"

ಅಮ್ಮಿ ಖಾಲಿ ಗಾಡಿಯನ್ನೇ ನೋಡುತ್ತಾ ನಿಂತಳು. ಹತ್ತಲಿಲ್ಲ.

"ಬ್ಯಾಡಪ್ಪ," ಅಂದಳು. "ಕುದುರೆ ಬಿಚ್ಚಿದ್ ಗಾಡೀಲಿ ನಾವು ಮಕ್ಳೆಲ್ಲಾ ದಿನಾ ಸಂಜೆ ಕೂತ್ಕೋತಿದ್ವಿ."