ಕಾಯಿಗಿಂತ ಒಂದು ಗೇಣು ಮೇಲೆ

ನ್ಯೂಜಿಲೆಂಡಿನ ಹಾರ್ನ್‌ಬಿಯ ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಅಲ್ಲಿ ನನ್ನ ಗಂಡ ಸೀಸ ಕರಗಿಸಿ ರೈಫಲ್ಲಿಗೆ ಗುಂಡು ಎರೆಯುತ್ತಿದ್ದರು. ಕೋವಿ ನನ್ನದು. ಕೊಡಗಿನಲ್ಲಿ ಅಪ್ಪನ ಪಕ್ಕ ನಿಂತು ಗುರಿ ಕಲಿತವಳು ನಾನು. ಇವರು ಮೈಸೂರಿನವರು, ಮದುವೆಗೆ ಮುಂಚೆ ಕೋವಿ ಮುಟ್ಟಿದವರಲ್ಲ. ಆದರೆ ಲೆಕ್ಕ ಅಂದರೆ ಊಟ ಬಿಟ್ಟು ಕೂರುತ್ತಿದ್ದರು.

ಆ ವರ್ಷ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯಲೇಬೇಕೆಂದು ನಾನು ಹಠ ಹಿಡಿದಿದ್ದೆ. ಕೋವಿಗೆ ಪೂಜೆ ಮಾಡಿ ಕಾಯಿಗೆ ಗುರಿಯಿಡದಿದ್ದರೆ ನನಗದು ಹಬ್ಬವೇ ಅಲ್ಲ. ಇಲ್ಲಿಗೆ ಬಂದ ಮೇಲೆ ಅದು ತಪ್ಪಿಹೋಗಿತ್ತು. ಪರಿಚಯದ ರೈತರೊಬ್ಬರು ತಮ್ಮ ಹೊಲದಲ್ಲಿ ಜಾಗ ಕೊಟ್ಟಿದ್ದರು. ಅಪ್ಪನಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟಿದ್ದೆ.

ತೋಟೆಗೆ ತುಂಬುವ ಮದ್ದಿಗೆ ಇವರು ಮೊದಲು ಹಿಡಿದ ಅಳತೆ ತಾಮ್ರದ ಹೊದಿಕೆಯ ಗುಂಡಿನದು. ಬರೀ ಸೀಸ ಮೆತ್ತಗೆ. ಅಷ್ಟು ರಭಸಕ್ಕೆ ಅದು ನಳಿಗೆಯೊಳಗೆ ಅಂಟಿಕೊಂಡು, ಗುಂಡು ಮನಸ್ಸಿಗೆ ಬಂದ ಕಡೆ ಹೋಗುತ್ತಿತ್ತು. ನಾನು ಜಗಳವಾಡಿದ ಮೇಲೆ ಸೀಸದ ಗುಂಡಿನ ಪಟ್ಟಿ ನೋಡಿ ಮದ್ದು ಇಳಿಸಿದರು. ಆಗ ಗುಂಡುಗಳೆಲ್ಲ ಒತ್ತೊತ್ತಾಗಿ ಒಂದೇ ಕಡೆ ಬಿದ್ದವು, ಗುರಿಯ ಕಾಗದದ ನಡುವಿಗಿಂತ ಒಂದು ಗೇಣು ಕೆಳಗೆ. ನನಗೆ ಕುಣಿಯುವಷ್ಟು ಖುಷಿ. ಇವರ ಮುಖ ಮಾತ್ರ ಇಂಗು ತಿಂದ ಮಂಗನಂತಾಯಿತು.

“ಕೆಳಗೆ ಬಿದ್ವಲ್ಲ” ಅಂದರು.

“ಬೀಳ್ಲಿ ಬಿಡಿ. ಒಂದೇ ಕಡೆ ಬಿದ್ದಿವೆ. ನಾನು ಮೇಲೆ ಗುರಿ ಇಡ್ತೀನಿ.”

“ಸ್ವಲ್ಪ ತಡಿ, ಡೇಟಾ ಸರಿ ಮಾಡ್ತೀನಿ.”

ಆ ‘ಸ್ವಲ್ಪ ತಡಿ’ ಕೇಳಿ ಕೇಳಿ ನನ್ನ ತಲೆ ಚಿಟ್ಟುಹಿಡಿಯಿತು. ಒಂದು ವಾರ ಮದ್ದು ಬದಲು, ಇನ್ನೊಂದು ವಾರ ಸೀಸದ ಬೆರಕೆಯೂ ಬದಲು. ಗುಂಡುಗಳು ಮತ್ತೆ ಚೆಲ್ಲಾಪಿಲ್ಲಿ. ನಳಿಗೆ ಉಜ್ಜಿ ಸೀಸ ತೆಗೆಯುವ ಕೆಲಸ ನನ್ನದು. ಕಾಯಿ ತಪ್ಪಿದರೆ ಅಪ್ಪನಿಗೆ ಏನು ಹೇಳಲಿ ಎಂದು ಅಳುವೇ ಬರುತ್ತಿತ್ತು. ಒತ್ತೊತ್ತಾಗಿ ಬಿದ್ದ ಗುಂಡುಗಳ ಜೊತೆ ಮಾಡಿದ ತೋಟೆಗಳಲ್ಲಿ ಉಳಿದವನ್ನು, ಇವರು ಬಿಚ್ಚಿಹಾಕುವ ಮೊದಲೇ, ಡಬ್ಬಿ ಸಮೇತ ಎತ್ತಿಟ್ಟೆ.

ಹಬ್ಬದ ದಿನ ಕೋವಿಗೆ ಗಂಧ ಹಚ್ಚಿ, ಊರಲ್ಲಿ ನಳಿಗೆಗೆ ಸಿಕ್ಕಿಸುವ ತೋಕ್ ಹೂ ಇಲ್ಲಿಲ್ಲದ್ದಕ್ಕೆ ಹಿತ್ತಲಿನ ಡ್ಯಾಫೊಡಿಲ್ ಸಿಕ್ಕಿಸಿ ಪೂಜೆ ಮಾಡಿದೆ. ಹೊಲದಲ್ಲಿ ಮಣ್ಣಿನ ದಿಬ್ಬದ ಮುಂದೆ ರೈತರು ಕಾಯಿಯನ್ನು ಕಂಬಕ್ಕೆ ಕಟ್ಟಿಕೊಟ್ಟರು. ಇವರು ನಮ್ಮ ಯೂಟ್ ಪಿಕಪ್ ಗಾಡಿಯ ಹಿಂಬದಿಯಲ್ಲಿ ಲೆಕ್ಕದ ಪುಸ್ತಕ ಹರಡಿಕೊಂಡು, ಹೊಸ ತೋಟೆಗಳನ್ನು ಆರಿಸುತ್ತಿದ್ದರು.

“ಸ್ವಲ್ಪ ತಡಿ, ಯಾವ್ದು ಹಾಕ್ಬೇಕು ಅಂತ ಹೇಳ್ತೀನಿ.”

ನಾನು ತಡೆಯಲಿಲ್ಲ. ಎಲ್ಲರೂ ಹಿಂದೆ ಇದ್ದಾರೆಂದು ನೋಡಿಕೊಂಡು, ಎತ್ತಿಟ್ಟ ಡಬ್ಬಿಯ ತೋಟೆ ಹಾಕಿ, ಕಾಯಿಗಿಂತ ಒಂದು ಗೇಣು ಮೇಲೆ ಗುರಿಯಿಟ್ಟು ಹೊಡೆದೆ. ಕಾಯಿ ಹೋಳಾಗಿ ನೀರು ಚಿಮ್ಮಿತು. ರೈತರು ಚಪ್ಪಾಳೆ ತಟ್ಟಿದರು.

ಸದ್ದಿಗೆ ಇವರು ತಲೆಯೆತ್ತಿದರು. “ಅಯ್ಯೋ, ನಾನು ನೋಡ್ಲೇ ಇಲ್ಲ ಕಣೆ. ಇನ್ನೊಂದ್ಸಲ ಹೊಡಿ.”

ಅಷ್ಟು ವಾರ ಕೂತು ಆ ಗುಂಡು ಎರೆದವರು ಇವರೇ. ಇವರು ನೋಡಲಿ ಅನ್ನುವ ಆಸೆ ನನಗೂ ಇತ್ತು. ಆದರೆ ತಂದದ್ದು ಒಂದೇ ಕಾಯಿ.