ಯಾರೂ ಕೂಗದ ತರಗತಿ

ಕೊರೊನಾ ಕಳೆದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಸಿ.ಆರ್.ಪಿ. ಆಗಿದ್ದೆ. ಹಳ್ಳಿ ಶಾಲೆಗಳಿಗೆ ಹೋಗಿ, ಪಾಠ ನೋಡಿ, ಶಿಕ್ಷಕರಿಗೆ ನೆರವಾಗುವ ಕೆಲಸ ಅದು. ಮನೆಯಲ್ಲೇ ಬೆಳೆದು ಬಂದ ಮಕ್ಕಳನ್ನು ಕೂರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ ಎಂದು ಎಲ್ಲ ಕಡೆ ಗೋಳಾಡುತ್ತಿದ್ದರು.

ನಾಲತವಾಡದ ಆಚೆಯ ಒಂದು ಶಾಲೆಯಲ್ಲಿ ಮಾತ್ರ ಆ ಗೋಳಿರಲಿಲ್ಲ. ಒಂದನೇ ತರಗತಿಯ ಅಕ್ಕೋರು (ಶಿಕ್ಷಕಿಯರನ್ನು ನಮ್ಮ ಕಡೆ ಹಾಗೇ ಕರೆಯುವುದು) "ಬಾಯಿ ಮ್ಯಾಲೆ ಬಟ್ಟು" ಎಂದರೆ ಮುಗಿಯಿತು. ಮಕ್ಕಳೆಲ್ಲ ತುಟಿಗೆ ತೋರುಬೆರಳು ಒತ್ತಿ, ಅವರು "ತಗೀರಿ" ಎನ್ನುವವರೆಗೆ ಕೂತಿರುತ್ತಿದ್ದರು. ಆತ್ಮಸಂಯಮ ಎಂದರೆ ಇದು ಎಂದು ಅಲ್ಲಿನ ಮುಖ್ಯಗುರುಗಳು ಜೂನ್ ತಿಂಗಳ ಒಂದು ದಿನ ನನ್ನನ್ನು ಆ ತರಗತಿಗೆ ಕಳಿಸಿದರು.

ನಾನು ಒಳಗೆ ಹೋದಾಗ ಅಕ್ಕೋರು ಇರಲಿಲ್ಲ, ಬಿಸಿಯೂಟದ ಅಡುಗೆ ನೋಡಲು ಹೋಗಿದ್ದರು. ಮಕ್ಕಳ ಬೆರಳು ತುಟಿಯ ಮೇಲೇ ಇತ್ತು. ಮಾತಾಡಿಸಿದೆ, ಉತ್ತರವಿಲ್ಲ. ನಗಿಸೋಣವೆಂದು ಬೆಕ್ಕಿನಂತೆ ಕೂಗಿದೆ. ಕಣ್ಣುಗಳಷ್ಟೇ ನನ್ನತ್ತ ಹೊರಳಿ, ಮತ್ತೆ ಒಟ್ಟಿಗೇ ಮೂಲೆಗೆ ತಿರುಗಿದವು. ಗದ್ದಲಕ್ಕೆ ಎಂದೂ ಹೆದರದ ನಾನು ಆ ಮೌನಕ್ಕೆ ಹೆದರಿ ಮೂಲೆಯತ್ತ ನಡೆದೆ.

ಮೂಲೆಯಲ್ಲಿ ಭಾಗ್ಯಾ ಎಂಬ ಹುಡುಗಿ ಬೆವರಿನಲ್ಲಿ ತೊಯ್ದು ಕೂತಿದ್ದಳು. ಕಣ್ಣೀರು ಸುರಿಯುತ್ತಿತ್ತು, ತುಟಿಯ ಮೇಲಿನ ಬೆರಳು ನಡುಗುತ್ತಿತ್ತು. ಅವಳ ಪಾದದ ಬಳಿಯಿಂದ ಕೆಂಪು ಚೇಳೊಂದು ನಿಧಾನವಾಗಿ ಗೋಡೆಯತ್ತ ಹೋಗುತ್ತಿತ್ತು.

ನನ್ನ ಕೂಗಿಗೆ ಅಕ್ಕೋರು ಓಡಿ ಬಂದರು. ಮಗುವನ್ನು ಎದೆಗವುಚಿಕೊಂಡು ನನ್ನ ಬೈಕ್ ಹತ್ತಿದರು. ಈ ಚೇಳಿನ ವಿಷ ಎಳೆಯ ಮಕ್ಕಳ ಹೃದಯಕ್ಕೇ ಇಳಿಯುತ್ತದೆ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ನಾಲತವಾಡದ ಡಾಕ್ಟರು. ಸಲೈನ್ ಸೂಜಿ ಚುಚ್ಚಿದಾಗಲೂ ಭಾಗ್ಯಾ ಬಾಯಿ ಬಿಡಲಿಲ್ಲ. ಬೆರಳು ಇನ್ನೂ ತುಟಿಯ ಮೇಲಿತ್ತು.

ಅದನ್ನು ಕಂಡ ಅಕ್ಕೋರ ಮುಖ ಬಿಳಿಚಿತು.

"ತಗಿಯವ್ವ," ಎಂದರು. "ನಮ್ಮವ್ವ, ಬಟ್ಟು ತಗಿ."

ಆಗ ಭಾಗ್ಯಾ ಬೆರಳಿಳಿಸಿ, ಆಸ್ಪತ್ರೆಯೆಲ್ಲ ಕೇಳುವಂತೆ ಅತ್ತಳು. ಆ ಅಳು ಕೇಳಿ ನನಗೆ ಜೀವ ಬಂದಂತಾಯಿತು.

ಭಾಗ್ಯಾ ಉಳಿದಳು. ಮರುದಿನ ತರಗತಿಗೆ ಹೋಗಿ, ಚೇಳನ್ನು ಯಾರು ಯಾರು ನೋಡಿದ್ದಿರಿ ಎಂದು ಕೇಳಿದೆ. ಎಲ್ಲರೂ ಕೈ ಎತ್ತಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ನನ್ನನ್ನೇ ಸಮಾಧಾನಪಡಿಸುವಂತೆ ಹೇಳಿದಳು: "ನಾವ್ಯಾರೂ ಮಾತಾಡಲಿಲ್ರಿ ಸರ್."

ಮಗು ತನ್ನನ್ನು ತಾನು ತಡೆದುಕೊಳ್ಳುವುದು ಬೇರೆ, ಬೈಗುಳದ ಭಯ ಅದನ್ನು ಹಿಡಿದು ಕೂರಿಸುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅಕ್ಕೋರು ಕೆಟ್ಟವರಲ್ಲ, ತಿದ್ದಿಕೊಳ್ಳಲು ಅಂದೇ ಶುರುಮಾಡಿದರು. ನೋವಾದರೆ, ಹೆದರಿಕೆಯಾದರೆ ಕೂಗಬೇಕು, ಎಲ್ಲಿ ಕೂಗ್ರಿ ನೋಡೋಣ ಎಂದರು. ಮಕ್ಕಳು ವಿಧೇಯರಾಗಿ ಬಾಯಿ ತೆರೆದರು. ದನಿ ಹೊರಡಲಿಲ್ಲ. ಸುಮ್ಮನೆ ಕೂರುವುದನ್ನು ಅವರು ಒಂದೇ ವಾರದಲ್ಲಿ ಕಲಿತಿದ್ದರು. ಕೂಗುವುದನ್ನು ಕಲಿಯಲು ದೀಪಾವಳಿಯವರೆಗೆ ಬೇಕಾಯಿತು.