ಸೊಂಟದ ಅಳತೆ

ಆ ಬೀದಿಯಲ್ಲಿ ಟೈಲರಮ್ಮನಿಗೆ ಎದುರಾಡುವ ಗಂಡಸೇ ಇರಲಿಲ್ಲ. ಎಷ್ಟೇ ದುಬಾರಿ ಬಟ್ಟೆಯಾಗಲಿ, ಸೊಂಟಕ್ಕೆ ಸರಿಯಾಗಿ ಕೂರದಿದ್ದರೆ ಅದು ಹೊಲಿಗೆಯೇ ಅಲ್ಲ ಎಂಬುದು ಅವಳ ಹಟ. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವವರಿಗೆ, "ಉಸಿರು ಬಿಡಪ್ಪ, ನನ್ನ ಹತ್ರ ಏನು ನಾಚಿಕೆ?" ಎಂದು ಗದರುತ್ತಿದ್ದಳು. ಗಂಡ ಸತ್ತ ಮೇಲೆ ಮಿಷನ್ ತುಳಿದೇ ಒಬ್ಬನೇ ಮಗನನ್ನು ಸಾಕಿದ್ದು. ಯುದ್ಧ ಶುರುವಾದಾಗ ಅವನನ್ನೂ ಸೇನೆಗೆ ಎಳೆದುಕೊಂಡರು.

ಆ ಯುದ್ಧವೋ, ಮುಗಿಯುವ ಲಕ್ಷಣವೇ ಇರಲಿಲ್ಲ. ಎರಡೂ ಕಡೆಯವರು ಗಡಿಯಲ್ಲಿ ಬೇರು ಬಿಟ್ಟಿದ್ದರು. ಸಮುದ್ರ ದಾಟಿ ಶತ್ರುವಿನ ಬೆನ್ನಿಗೇ ನುಗ್ಗುತ್ತಾರಂತೆ ಎಂಬ ಮಾತು ಹಬ್ಬಿದ್ದಾಗ ಮಗ ರಜೆಗೆ ಬಂದ. ನೀರಿಗೆ ಬಿದ್ದರೆ ಮುಳುಗದಂತೆ ಕಟ್ಟಿಕೊಳ್ಳುವ, ಗಾಳಿ ತುಂಬಿದ ಪಟ್ಟಿಯೊಂದು ಅವನ ಚೀಲದಲ್ಲಿತ್ತು. ಕಂಕುಳ ಕೆಳಗೆ ಕಟ್ಟಿಕೊಂಡು ತೋರಿಸಿದ.

"ಏನೋ ಇದು ಅವತಾರ? ಕೈ ಆಡಿಸೋದು ಹೇಗೆ?" ಎಂದು ಬಿಚ್ಚಿಸಿ, ಲಾಡಿಗಳನ್ನು ಕತ್ತರಿಸಿ ಗಿಡ್ಡ ಮಾಡಿ, ಅವನ ಸಣ್ಣ ಸೊಂಟಕ್ಕೆ ಸರಿಯಾಗಿ ಹೊಲಿದುಕೊಟ್ಟಳು. "ಈಗ ನೋಡು, ಜಪ್ಪಯ್ಯ ಅಂದ್ರೂ ಜಾರಲ್ಲ."

"ನೀನು ಹೊಲಿದ ಮೇಲೆ ಮುಗೀತಲ್ಲಮ್ಮ," ಎಂದು ಮಗ ನಕ್ಕ.

ಒಂದು ಮುಂಜಾನೆ ಸಾವಿರಾರು ದೋಣಿಗಳು ಶತ್ರುವಿನ ದಡಕ್ಕೆ ನುಗ್ಗಿದವು. ಬೆನ್ನಿಗೆ ಬಿದ್ದ ಏಟು ತಡೆಯಲು ಶತ್ರು ಗಡಿಯ ಪಡೆಗಳನ್ನು ಅತ್ತ ಕಳಿಸಬೇಕಾಯಿತು, ಇತ್ತ ಗಡಿ ಕುಸಿಯಿತು. ವರ್ಷಗಟ್ಟಲೆ ಅಲುಗದ ಯುದ್ಧ ಚಳಿಗಾಲದೊಳಗೆ ಮುಗಿದೇಹೋಯಿತು. ಬೀದಿಗೆ ಬೀದಿಯೇ ಕುಣಿಯಿತು. ಟೈಲರಮ್ಮನ ಮಗ ಮಾತ್ರ ದಡ ಮುಟ್ಟಲಿಲ್ಲ. ಮುಳುಗಿದ ಎಂದಷ್ಟೇ ತಿಳಿಸಿದ್ದರು. ಅವನು ಮೊದಲೇ ಮರೆಗುಳಿ; ಪಟ್ಟಿ ಕಟ್ಟಿಕೊಂಡಿದ್ದನೋ ಇಲ್ಲವೋ ಎಂಬುದೊಂದೇ ಹಗಲೂ ರಾತ್ರಿ ಅವಳನ್ನು ಕೊರೆಯುತ್ತಿತ್ತು.

ಕೊನೆಗೊಂದು ದಿನ ಮಗನ ಜೊತೆ ಅದೇ ದೋಣಿಯಲ್ಲಿದ್ದ ಗೆಳೆಯ, ತನ್ನ ಕೋಟು ಸರಿಮಾಡಿಸಲು ಬಂದ. ಅವಳು ಕೇಳಿದ್ದು ಅದನ್ನೇ.

"ಕಟ್ಕೊಂಡಿದ್ನೇನಪ್ಪಾ?"

"ಕಟ್ಕೊಂಡಿದ್ದ ಅಮ್ಮ. ಆದ್ರೆ ಸೊಂಟಕ್ಕೆ. ಬೆನ್ನ ಮೇಲೆ ಅಷ್ಟು ಭಾರ ಬೇರೆ. ನೀರಿಗಿಳಿದ ತಕ್ಷಣ ತಲೆಕೆಳಗಾಗಿಬಿಟ್ಟ. ಎದೆಗೆ ಕಟ್ಟಿದ್ದವರು ತೇಲಿದ್ವಿ." ಅವಳ ಮುಖ ನೋಡಿ, ಸಮಾಧಾನವಾಗಲೆಂದು ಮುಂದುವರಿಸಿದ. "ಮೇಲಕ್ಕೆ ಕಟ್ಕೊಳೋ ಅಂತ ದೋಣೀಲೇ ಹೇಳ್ದೆ. ಬರಲ್ಲ ಕಣೋ, ನಮ್ಮಮ್ಮ ಅಳತೆ ಹಿಡಿದು ಹೊಲಿದಿದ್ದು ಅಂತ ನಗಾಡ್ದ. ಖುಷಿಯಾಗಿದ್ದ ಅಮ್ಮ, ಕೊನೇವರೆಗೂ."

ಕೋಟಿನ ಸೊಂಟ ಸ್ವಲ್ಪ ಬಿಗಿ ಮಾಡಿಕೊಡಿ ಎಂದ ಹುಡುಗ. ಟೈಲರಮ್ಮ ಟೇಪು ಹಿಡಿದು ಎದ್ದಳು, ಅವನ ಸೊಂಟ ಬಳಸಿದಳು. ಬಳಸಿದ ಕೈ ಅಲ್ಲೇ ನಿಂತಿತು.

"ಸಡಿಲಾನೇ ಇರ್ಲಿ ಬಿಡಪ್ಪ," ಎಂದು ಕೋಟನ್ನು ಮಡಚಿ ಅವನ ಕೈಗೇ ಕೊಟ್ಟಳು.